ಗೂಬೆಗೆ ಗೂಡು, ತೋಟಕ್ಕೆ ಕಾವಲು

ಮಾಡದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಮ್ಮಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತಾರೆ. ಮನೆಯ ಮಾಡಿನ ಮೇಲೆ ಗೂಬೆ ಕೂತರೆ ಮನೆ ಬಿಡಬೇಕು, ಅದು ಕೂಗಿದರೆ ಯಾರಿಗೋ ಕೇಡು ಎಂಬ ನಂಬಿಕೆಯೂ ಹಳೆಯದೇ. ಆದರೆ ಅದೇ ಗೂಬೆಯ ಬಳಗಕ್ಕೆ ಸೇರಿದ ಪುಟ್ಟ ಹಾಲಕ್ಕಿಯ ಶಕುನವನ್ನು ಬುಡಬುಡಿಕೆಯವನು ಬೆಳಗಿನ ಜಾವ ಬಂದು ಹೇಳಿದರೆ ಮೊರದಲ್ಲಿ ಅಕ್ಕಿ ಹಾಕಿ ಕಳಿಸುತ್ತಿದ್ದೆವು. ಬಂಗಾಳದ ಕಡೆ ಗೂಬೆಯೇ ಲಕ್ಷ್ಮಿಯ ವಾಹನ. ಹಕ್ಕಿ ಒಂದೇ, ನಂಬಿಕೆ ಮಾತ್ರ ಊರಿಗೊಂದು. ಶಕುನದ ಮಾತು ಹಾಗಿರಲಿ. ಇಲಿ, ಹೆಗ್ಗಣಗಳ ಕಾಟದಿಂದ ಬೇಸತ್ತಿರುವ ಸಣ್ಣ ಬೆಳೆಗಾರರಿಗೆ ಈ ಹಕ್ಕಿಯಿಂದ ಏನು ಪ್ರಯೋಜನ, ಅದನ್ನು ಉಳಿಸಿಕೊಳ್ಳಲು ನಾವು ಏನು ಮಾಡಬಹುದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಪಟ್ಟಣದಿಂದ ಕಲಿಯಬೇಕಾದ ಪಾಠ

ಮಲೆನಾಡಿನ ಬೆಳೆಗಾರರಿಗೆ ಹೇಳುವ ಈ ಮಾತಿಗೆ ಉತ್ತರ ಬೆಂಗಳೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ನಮ್ಮಲ್ಲಿ ಅನೇಕರ ಮಕ್ಕಳು ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಮನೆ ಮಾಡಿದ್ದಾರೆ. ವರ್ಷಕ್ಕೊಮ್ಮೆ ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ಹೋಗಿ ಬರುವ ಸದಸ್ಯರೂ ಕಡಿಮೆಯಿಲ್ಲ. 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಈ ವಿಶಾಲ ಆವರಣ ಬೆಳೆಗಳ ಸಂಶೋಧನೆಗೆ ಹೆಸರಾದಂತೆ ಹಕ್ಕಿಗಳಿಗೂ ಒಂದು ಆಸರೆ. ಅಖಿಲ ಭಾರತ ಮಟ್ಟದ ಇಲಿ ನಿಯಂತ್ರಣ ಸಂಶೋಧನಾ ಯೋಜನೆಯ ಒಂದು ಕೇಂದ್ರ ಬಹುಕಾಲ ಕೆಲಸ ಮಾಡಿದ್ದೂ ಇಲ್ಲಿಯೇ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ದಂಡೆಯಲ್ಲಿ ರಜಾದಿನಗಳಂದು ದುರ್ಬೀನು ಹಿಡಿದು ನಿಂತ ಯುವಕರನ್ನು ಈಗಲೂ ಕಾಣಬಹುದು.

ಇನ್ನೊಂದು ಕಡೆ ಇದೇ ಪ್ರದೇಶ ನಮ್ಮ ಕಣ್ಣೆದುರಿಗೇ ಬದಲಾಗಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು. ಬಳ್ಳಾರಿ ರಸ್ತೆ ಅಗಲವಾಯಿತು, ಸಾಲುಮರಗಳು ಉರುಳಿದವು, ರಾಗಿ ಹೊಲ ದ್ರಾಕ್ಷಿ ತೋಟಗಳಿದ್ದ ಕಡೆ ಬಡಾವಣೆಗಳೆದ್ದವು. ಮರ ಹೋದರೆ ಪೊಟರೆ ಹೋಯಿತು. ಗೂಬೆ ತಾನಾಗಿ ಗೂಡು ಕಟ್ಟುವ ಹಕ್ಕಿಯಲ್ಲ. ಹಳೆಯ ಮರದ ಪೊಟರೆ, ಪಾಳು ಗೋಡೆಯ ಬಿರುಕು, ದೇವಸ್ಥಾನದ ಗೋಪುರ, ಕಣಜದ ಅಟ್ಟ ಇವೇ ಅದರ ಮನೆ. ಅವು ಸಿಗದಾದಾಗ ಕಣಜ ಗೂಬೆ ಎತ್ತರದ ಕಟ್ಟಡಗಳ ಗಾಳಿಕಿಂಡಿ, ಪೈಪು ಇಳಿಸಿದ ಸಂದುಗಳನ್ನು ಹುಡುಕಿಕೊಂಡಿತು. ರಾತ್ರಿ ಮರಿಗಳು ಬುಸುಗುಟ್ಟುವುದನ್ನು ಕೇಳಿ ಹಾವೆಂದು ಹೆದರುವವರುಂಟು, ಅಪಶಕುನವೆಂದು ಮರಿಗಳನ್ನು ಹೊರಗೆ ಹಾಕಿಸಿ ಕಿಂಡಿಗೆ ಬಲೆ ಬಡಿಸುವವರುಂಟು. ಆದರೆ ತಾರಸಿಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟು ಅದರ ಪಾಡಿಗೆ ಅದನ್ನು ಬಿಡುವವರೂ ಇದ್ದಾರೆ. ಕಾಳುಕಡ್ಡಿ, ಈರುಳ್ಳಿ, ಆಲೂಗಡ್ಡೆಯ ದೊಡ್ಡ ವಹಿವಾಟು ನಡೆಯುವ ಯಶವಂತಪುರ ಮಾರುಕಟ್ಟೆ ಇರುವ ಪಟ್ಟಣದಲ್ಲಿ ಇಲಿಗೆ ಬರವಿಲ್ಲ. ಊಟವಿದೆ, ವಸತಿ ಮಾತ್ರ ಇಲ್ಲ. ಪಟ್ಟಣದ ಗೂಬೆಯ ಕಷ್ಟ ಇಷ್ಟೇ. ನಮ್ಮ ತೋಟಗಳಲ್ಲಿಯೂ ನಿಧಾನವಾಗಿ ಇದೇ ಆಗುತ್ತಿದೆ.

ಮೊದಲು ನೋಡಿ, ಬರೆದಿಡಿ

ಗೂಬೆಯ ವಿಚಾರಕ್ಕೆ ಹೋಗುವ ಮುನ್ನ ನಮ್ಮ ಹಿತ್ತಲಿನಲ್ಲಿ ಯಾವ ಯಾವ ಹಕ್ಕಿಗಳಿವೆ ಎಂದು ತಿಳಿದಿರುವುದು ಒಳ್ಳೆಯದು. ಇದಕ್ಕೆ ಖರ್ಚಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತರೆ ಹದಿನೈದು ನಿಮಿಷದಲ್ಲಿ ಮಡಿವಾಳ, ಪಿಕಳಾರ, ಗೊರವಂಕ, ಸೂರಕ್ಕಿ, ಟುವ್ವಿ, ಕುಟ್ರ ಇಷ್ಟಾದರೂ ಕಾಣುತ್ತವೆ ಅಥವಾ ಕೇಳುತ್ತವೆ. ಬೆಂಗಳೂರಿನ ಹಿತ್ತಲುಗಳಲ್ಲಿಯೂ ಇವೇ ಹಕ್ಕಿಗಳು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ‘ಹಿತ್ತಲ ಹಕ್ಕಿ ಗಣತಿ’ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಹುಟ್ಟಿದ ಈ ಪದ್ಧತಿ ಭಾರತದಲ್ಲಿ 2013ರಿಂದ ನಡೆದುಬಂದಿದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆದು ‘ಈಬರ್ಡ್’ ಎಂಬ ವ್ಯವಸ್ಥೆಗೆ ಮೊಬೈಲಿನಿಂದಲೇ ಸೇರಿಸಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಇದು ಹಿಡಿಸುವ ಕೆಲಸ.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಡಾ. ಸಲೀಂ ಅಲಿಯವರು 1939–40ರಲ್ಲಿ ನಡೆಸಿದ್ದರು. ನಮ್ಮ ನಡುವಿನ ಕಾಫಿ ಬೆಳೆಗಾರರೇ ಆಗಿದ್ದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತೋಟದ ಕೆಲಸದ ನಡುವೆಯೇ ಹಕ್ಕಿಗಳ ಛಾಯಾಚಿತ್ರ ತೆಗೆದು, ಕನ್ನಡದಲ್ಲಿ ಪುಸ್ತಕಗಳನ್ನೇ ಬರೆದರು. ತೋಟಗಾರನಿಗೆ ಹಕ್ಕಿ ನೋಡಲು ಬಿಡುವೆಲ್ಲಿ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಮ್ಮ ತೋಟಗಳು ಹಕ್ಕಿಗಳಿಗೆ ಎಷ್ಟು ಮುಖ್ಯವೆಂಬುದನ್ನು ವಿಜ್ಞಾನಿಗಳೂ ಗುರುತಿಸಿದ್ದಾರೆ. ಸುಭಾಷ್ ಚಂದ್ರನ್, ರಂಜಿತ್ ಡೇನಿಯಲ್ಸ್ ಮೊದಲಾದವರು ಸೇರಿ ಉತ್ತರ ಕನ್ನಡದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಭಾಗದ ಕಾಡಿನ ಹಕ್ಕಿಗಳಲ್ಲಿ ಸುಮಾರು ಶೇಕಡ 90ರಷ್ಟು ಜಾತಿಗಳಿಗೆ ಅಡಿಕೆ ತೋಟ ಮತ್ತು ಅದಕ್ಕೆ ಹೊಂದಿದ ಕಾಡಿನ ವ್ಯವಸ್ಥೆ ಆಸರೆ ಕೊಟ್ಟಿದೆ. ತೋಟಕ್ಕೆ ಸೊಪ್ಪು ಕೊಡುವ ಬೆಟ್ಟಗಳನ್ನು ಉಳಿಸಿಕೊಂಡಿರುವುದೇ ಇದಕ್ಕೆ ಮುಖ್ಯ ಕಾರಣ. ಕೃತಿ ಕಾರಂತ ಮತ್ತು ಸಂಗಡಿಗರು ಕಾಫಿ, ಅಡಿಕೆ, ರಬ್ಬರ್ ತೋಟಗಳನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 204 ಜಾತಿಯ ಹಕ್ಕಿಗಳು ದಾಖಲಾದವು. ಅವುಗಳಲ್ಲಿ ಹೆಚ್ಚು ಬಗೆಯ ಹಕ್ಕಿಗಳು ಕಂಡದ್ದು ನೆರಳಿನ ಕಾಫಿ ತೋಟಗಳಲ್ಲಿ.

ಗೂಬೆಗಳ ಪರಿಚಯ

ನಮ್ಮ ಕಡೆ ಕಾಣುವ ಗೂಬೆಗಳಲ್ಲಿ ಮೂರ್ನಾಲ್ಕನ್ನು ಗುರುತಿಸಲು ಬಂದರೆ ಸಾಕು. ಹೃದಯದಾಕಾರದ ಬಿಳಿ ಮುಖ, ಹೊನ್ನಿನ ಬಣ್ಣದ ಬೆನ್ನು, ಸುಮಾರು 14 ಅಂಗುಲ ಉದ್ದ ಇರುವುದು ಕಣಜ ಗೂಬೆ. ಇಲಿಯೇ ಇದರ ಮುಖ್ಯ ಆಹಾರ. ಎಂಟು ಅಂಗುಲದ, ಬೂದು ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ, ಸಂಜೆಗೇ ಜಗಳವಾಡುವಂತೆ ಕಿಚಗುಟ್ಟುವ ಪುಟ್ಟ ಗೂಬೆಯೇ ಹಾಲಕ್ಕಿ. ಇದು ಹೆಚ್ಚಾಗಿ ಜೀರುಂಡೆ, ಮಿಡತೆ, ಪತಂಗಗಳನ್ನೂ, ಸಿಕ್ಕಾಗ ಸುಂಡಿಲಿ ಹಲ್ಲಿಗಳನ್ನೂ ತಿನ್ನುತ್ತದೆ. ಬಂಡೆ, ಹಳ್ಳಗಳಿರುವ ಕಡೆ ಕೊಂಬಿನಂಥ ಗರಿಗಳ ದೊಡ್ಡ ಗೂಬೆ ಇರುತ್ತದೆ. ದಟ್ಟ ನೆರಳಿನ ತೋಟ ಮತ್ತು ಕಾಡಿನಲ್ಲಿ ಕಂದು ಬಣ್ಣದ ಕಾಡುಗೂಬೆ ಇದೆ.

ಕಣಜ ಗೂಬೆಯ ಕಿವಿಗಳೆರಡೂ ಸಮನಾದ ಎತ್ತರದಲ್ಲಿಲ್ಲ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಇದರಿಂದಾಗಿ ಶಬ್ದ ಎಲ್ಲಿಂದ ಬಂತೆಂಬುದು ಅದಕ್ಕೆ ಕರಾರುವಾಕ್ಕಾಗಿ ತಿಳಿಯುತ್ತದೆ. ಕಗ್ಗತ್ತಲಿನಲ್ಲಿಯೂ ತರಗೆಲೆಯಡಿ ಓಡುವ ಇಲಿಯನ್ನು ಸದ್ದಿನಿಂದಲೇ ಹಿಡಿಯಬಲ್ಲದು. ರೆಕ್ಕೆಯ ಅಂಚಿನ ಗರಿಗಳು ಬಾಚಣಿಗೆಯಂತೆ ಸೀಳಿರುವುದರಿಂದ ಹಾರಾಟಕ್ಕೆ ಸದ್ದೇ ಇಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ. ಕಾವು ಸುಮಾರು ಒಂದು ತಿಂಗಳು, ಮರಿಗಳು ಹಾರಲು ಇನ್ನೆರಡು ತಿಂಗಳು. ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆ ಇಡುವುದರಿಂದ ಒಂದೇ ಗೂಡಿನಲ್ಲಿ ದೊಡ್ಡ ಮರಿ, ಸಣ್ಣ ಮರಿ ಎಲ್ಲವೂ ಇರುತ್ತವೆ. ಇಲಿ ಕಡಿಮೆಯಾದ ವರ್ಷ ಸಣ್ಣವು ಬದುಕುವುದಿಲ್ಲ. ದೊಡ್ಡ ಹಕ್ಕಿಗೆ ರಾತ್ರಿಗೆ ಒಂದೆರಡು ಇಲಿ ಸಾಕಾದರೂ ಮರಿಗಳಿರುವಾಗ ಗೂಡಿಗೆ ಬರುವ ಇಲಿಗಳ ಸಂಖ್ಯೆ ಬಹಳ ಹೆಚ್ಚು.

ಇದನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲುಗಳನ್ನು ಕಪ್ಪು ಉಂಡೆಯಾಗಿ ಕಕ್ಕುತ್ತದೆ. ಅದು ಕೂರುವ ಜಾಗದ ಕೆಳಗೆ ಇಂಥ ಉಂಡೆಗಳು ಬಿದ್ದಿರುತ್ತವೆ. ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಯ ತಲೆಬುರುಡೆಗಳನ್ನು ಎಣಿಸಬಹುದು.

ಬೇರೆ ದೇಶಗಳ ಅನುಭವ

ಮಲೇಶಿಯಾದ ತಾಳೆಎಣ್ಣೆ ತೋಟಗಳಲ್ಲಿ ಇಲಿಯ ಕಾಟಕ್ಕೆ ಉಪಾಯವಾಗಿ ಕಂಬದ ಮೇಲೆ ಪೆಟ್ಟಿಗೆ ಇಟ್ಟು ಕಣಜ ಗೂಬೆಗಳನ್ನು ಕರೆಸಿಕೊಳ್ಳುವ ಪದ್ಧತಿ ದಶಕಗಳಿಂದ ಇದೆ. ಸುಮಾರು ಹನ್ನೆರಡರಿಂದ ಇಪ್ಪತ್ತೈದು ಎಕರೆಗೆ ಒಂದು ಪೆಟ್ಟಿಗೆ ಎಂಬುದು ಅಲ್ಲಿಯ ಲೆಕ್ಕ. ಇಸ್ರೇಲಿನ ಸ್ದೇ ಎಲಿಯಾಹು ಎಂಬ ಸಾಮೂಹಿಕ ಕೃಷಿ ಗ್ರಾಮದಲ್ಲಿ 1983ರಲ್ಲಿ ಹೊಲದ ನಡುವೆ ಪೆಟ್ಟಿಗೆಗಳನ್ನಿಡಲು ಆರಂಭಿಸಿದರು. ಅದು ಮುಂದೆ ದೇಶದ ಯೋಜನೆಯಾಯಿತು, ನೆರೆಯ ಜೋರ್ಡಾನಿನ ರೈತರೂ ಕೈ ಜೋಡಿಸಿದರು.

ಎಚ್ಚರಿಕೆಯ ಉದಾಹರಣೆಯೂ ಇದೆ. ಸೇಶೆಲ್ಸ್ ದ್ವೀಪಗಳಿಗೆ 1949ರಲ್ಲಿ ಇಲಿ ಹಿಡಿಯಲೆಂದು ಹೊರಗಿನಿಂದ ಕಣಜ ಗೂಬೆಗಳನ್ನು ತಂದು ಬಿಟ್ಟರು. ಅವು ಇಲಿಗಿಂತ ಸುಲಭವಾಗಿ ಸಿಕ್ಕ ಅಲ್ಲಿಯ ಕಡಲಹಕ್ಕಿಗಳ ಮೇಲೆ ಬಿದ್ದವು. ಆದ್ದರಿಂದ ಗೂಬೆಯನ್ನು ಎಲ್ಲಿಂದಲೋ ಹಿಡಿದು ತಂದು ಬಿಡುವ ಯೋಚನೆ ಸರಿಯಲ್ಲ. ನಮ್ಮಲ್ಲೇ ಹುಟ್ಟಿ ಬೆಳೆದ ಗೂಬೆಗಳಿವೆ. ಅವುಗಳಿಗೆ ಜಾಗ ಮಾಡಿಕೊಟ್ಟರೆ ಸಾಕು.

ನಮ್ಮ ತೋಟಕ್ಕೆ ಎಷ್ಟು ಹೊಂದುತ್ತದೆ?

ಕಣಜ ಗೂಬೆ ಬಯಲಿನ ಹಕ್ಕಿ. ದಟ್ಟ ನೆರಳಿನ ಕಾಫಿ ತೋಟದ ನಟ್ಟನಡುವೆ ಪೆಟ್ಟಿಗೆ ಇಟ್ಟರೆ ಅದು ಬರುವುದು ಕಷ್ಟ. ಗದ್ದೆ ಬಯಲು, ಕಣ, ಗೋದಾಮು, ಅಡಿಕೆ ತೋಟದ ಅಂಚು, ತೆಂಗಿನ ತೋಟ ಇವು ಅದಕ್ಕೆ ತಕ್ಕ ಜಾಗ. ಕಾಫಿ ಗಿಡಕ್ಕೆ ಇಲಿಯಿಂದ ನೇರ ನಷ್ಟ ಕಡಿಮೆ. ಆದರೆ ಏಲಕ್ಕಿ, ಭತ್ತ, ತೆಂಗು, ಅಡಿಕೆಯ ನಡುವಿನ ಕೋಕೋ ಮತ್ತು ಗೋದಾಮಿನ ಚೀಲಗಳ ಲೆಕ್ಕ ಬೇರೆ.

ಕೋಕೋ ಬೆಳೆದವರು ಒಂದು ವ್ಯತ್ಯಾಸ ಗಮನಿಸಬೇಕು. ಕಾಯಿಯನ್ನು ತೊಟ್ಟಿನ ಹತ್ತಿರ ಕೊರೆದಿದ್ದರೆ ಸಾಮಾನ್ಯವಾಗಿ ಅದು ಇಲಿಯ ಕೆಲಸ, ನಡುಭಾಗದಲ್ಲಿ ತೂತು ಮಾಡಿದ್ದರೆ ಅಳಿಲಿನದು. ಅಳಿಲು ಹಗಲಿನ ಪ್ರಾಣಿ, ಗೂಬೆ ರಾತ್ರಿಯ ಹಕ್ಕಿ. ಇವೆರಡೂ ಭೇಟಿಯಾಗುವುದು ಅಪರೂಪ. ಆದ್ದರಿಂದ ಅಳಿಲಿನ ಕಾಟಕ್ಕೆ ಗೂಬೆಯಿಂದ ಪರಿಹಾರ ಸಿಗದು. ಬಲಿತ ದೊಡ್ಡ ಹೆಗ್ಗಣವೂ ಕಣಜ ಗೂಬೆಗೆ ಭಾರಿ ತುತ್ತು. ಇಲಿಯ ಸಂತಾನ ಬೆಳೆಯುವ ವೇಗಕ್ಕೆ ಗೂಬೆಯೊಂದೇ ತಡೆ ಹಾಕಲಾರದು. ಹಣ್ಣಾದ ಕಾಯಿಯನ್ನು ತಡಮಾಡದೆ ಕೊಯ್ಯುವುದು, ತೆಂಗಿಗೆ ತಗಡು ಸುತ್ತುವುದು, ಮರದ ಮಂಡೆ ಚೊಕ್ಕಟ ಮಾಡುವುದು, ಬೋನು ಇಡುವುದು ಇವೆಲ್ಲ ಇದ್ದೇ ಇವೆ. ಇವುಗಳ ಜೊತೆಗೆ ಗೂಬೆ ಸೇರಿದರೆ ಸಂಬಳ ಕೇಳದ ಒಬ್ಬ ಕಾವಲುಗಾರ ಸಿಕ್ಕಂತೆ.

ವಿಷ ಮತ್ತು ಗೂಬೆ ಒಟ್ಟಿಗೆ ಇರಲಾರವು

ಸದಸ್ಯರು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಮಾತು ಇದು. ಬ್ರೊಮಾಡಿಯೊಲೋನ್ ಬಿಲ್ಲೆಯನ್ನು ನಮ್ಮ ಸಂಘದ ಮಳಿಗೆಯಿಂದಲೇ ಅನೇಕರು ಒಯ್ಯುತ್ತಾರೆ. ಇದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಒಳಗೇ ರಕ್ತಸ್ರಾವವಾಗಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಮಂಕಾಗಿ, ಓಡಲಾರದೆ, ಗೂಬೆಗೆ ಸುಲಭದ ತುತ್ತಾಗುತ್ತದೆ. ಇಲಿಯ ಮೈಯಲ್ಲಿದ್ದ ವಿಷ ಗೂಬೆಯ ಮೈಗೆ, ಗೂಡಿನಲ್ಲಿದ್ದ ಮರಿಗಳ ಮೈಗೆ ಸೇರುತ್ತದೆ. ಮಲೇಶಿಯಾದ ತೋಟಗಳಲ್ಲಿ ಈ ವರ್ಗದ ತೀಕ್ಷ್ಣ ವಿಷಗಳನ್ನು ಬಳಸಿದ ಕಡೆ ಗೂಬೆಗಳು ಕಡಿಮೆಯಾದದ್ದು ವರದಿಯಾಗಿದೆ. ಇಲಿಗಳು ಮತ್ತೆ ಬೇಗ ಹುಟ್ಟಿಕೊಳ್ಳುತ್ತವೆ, ಗೂಬೆಗಳು ಹಾಗೆ ಹುಟ್ಟಿಕೊಳ್ಳುವುದಿಲ್ಲ. ಕೊನೆಗೆ ಲಾಭ ಇಲಿಗೇ.

ಇದು ಒಬ್ಬೊಬ್ಬರೇ ತೀರ್ಮಾನಿಸುವ ವಿಷಯವೂ ಅಲ್ಲ. ನಮ್ಮಲ್ಲಿ ಹೆಚ್ಚಿನವರದು ಎರಡು, ಮೂರು, ಐದು ಎಕರೆಯ ಹಿಡುವಳಿ. ಒಂದು ಜೊತೆ ಗೂಬೆ ಬೇಟೆಯಾಡುವ ವಿಸ್ತಾರದಲ್ಲಿ ನಾಲ್ಕಾರು ಮನೆಯವರ ತೋಟ ಬರುತ್ತದೆ. ಗೂಬೆಗೆ ಗಡಿಕಲ್ಲು ತಿಳಿಯದು. ಒಬ್ಬರು ಪೆಟ್ಟಿಗೆ ಇಟ್ಟು, ಪಕ್ಕದವರು ವಿಷ ಇಟ್ಟರೆ ಮೊದಲಿನವರ ಶ್ರಮ ವ್ಯರ್ಥ. ಆದ್ದರಿಂದ ಒಂದು ಬಯಲಿನ ಅಥವಾ ಒಂದು ಕೇರಿಯ ಬೆಳೆಗಾರರು ಕೂತು ಮಾತಾಡಿ, ಇಲ್ಲಿ ಬೋನು ಮಾತ್ರ, ವಿಷವಿಲ್ಲ ಎಂದು ಒಪ್ಪಿಕೊಂಡ ಮೇಲೆ ಪೆಟ್ಟಿಗೆ ಏರಿಸುವುದು ಕ್ರಮ. ವಿಷ ಇಡಲೇಬೇಕಾದ ಪ್ರಸಂಗದಲ್ಲಿ ಗೂಡಿನಿಂದ ದೂರ, ಗೋದಾಮಿನೊಳಗೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಸತ್ತ ಇಲಿಗಳನ್ನು ದಿನಾ ಹುಡುಕಿ ಆಳವಾಗಿ ಹೂಳಬೇಕು. ತಿಪ್ಪೆಗೆ ಎಸೆಯಬಾರದು.

ಪೆಟ್ಟಿಗೆ ಮಾಡುವ ಕ್ರಮ

ಮನೆಯಲ್ಲಿರುವ ಹಳೆಯ ಹಲಗೆ ಅಥವಾ ಅರ್ಧ ಅಂಗುಲದ ಪ್ಲೈವುಡ್ ಸಾಕು. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ.

ಕಣಜ ಗೂಬೆಗೆ: ತಳ ಸುಮಾರು ಎರಡು ಅಡಿಗೆ ಎರಡು ಅಡಿ, ಎತ್ತರ ಎರಡೂಕಾಲು ಅಡಿ. ಬಾಗಿಲು ಐದಾರು ಅಂಗುಲದ ಚೌಕ. ಬಾಗಿಲಿನ ಕೆಳ ಅಂಚು ಪೆಟ್ಟಿಗೆಯ ತಳದಿಂದ ಒಂದೂವರೆ ಅಡಿ ಮೇಲಿರಬೇಕು. ಹೀಗಿದ್ದರೆ ಹಾರಲು ಬಾರದ ಮರಿಗಳು ಹೊರಗೆ ಬೀಳುವುದಿಲ್ಲ. ಬಾಗಿಲ ಹೊರಗೆ ಮರಿಗಳು ರೆಕ್ಕೆ ಆಡಿಸಲು ಅಂಚುಪಟ್ಟಿ ಇರುವ ಒಂದು ಹಲಗೆ ಇದ್ದರೆ ಒಳ್ಳೆಯದು.

ಹಾಲಕ್ಕಿಗೆ: ತಳ ಒಂಬತ್ತು ಹತ್ತು ಅಂಗುಲದ ಚೌಕ, ಎತ್ತರ ಒಂದೂವರೆ ಅಡಿ, ಮೇಲ್ಭಾಗದಲ್ಲಿ ಮೂರು ಅಂಗುಲದ ದುಂಡು ತೂತು.

ಎರಡಕ್ಕೂ ತಳದಲ್ಲಿ ನೀರು ಇಳಿಯಲು ನಾಲ್ಕೈದು ಸಣ್ಣ ತೂತು, ಮೇಲೆ ಗಾಳಿಗೆ ತೂತು, ಮುಂದಕ್ಕೆ ಇಳಿಜಾರಾಗಿ ಚಾಚಿದ ಮಾಡು, ಚೊಕ್ಕಟ ಮಾಡಲು ಪಕ್ಕದಲ್ಲಿ ತೆರೆಯುವ ಹಲಗೆ ಬೇಕು. ಒಳಗೆ ಬಣ್ಣ ಬಳಿಯಬಾರದು. ಒಂದು ಪದರ ಮರದ ಹೊಟ್ಟು ಹಾಸಿದರೆ ಮೊಟ್ಟೆ ಉರುಳುವುದಿಲ್ಲ. ನೆಲದಿಂದ ಹದಿನೈದು ಅಡಿಗೆ ಕಡಿಮೆಯಿಲ್ಲದಂತೆ ಏರಿಸಬೇಕು. ನಮ್ಮ ಮಳೆ ನೈಋತ್ಯದಿಂದ ಬೀಸುವುದರಿಂದ ಬಾಗಿಲು ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ ಇರಲಿ. ಗೋದಾಮಿನ ಒಳ ಅಟ್ಟದಲ್ಲಿ, ಗೋಡೆಯ ಕಿಂಡಿಗೆ ಹೊಂದಿಸಿ ಇಟ್ಟರೆ ಮಳೆಯ ಚಿಂತೆಯೇ ಇಲ್ಲ. ಮರಕ್ಕೆ ಕಟ್ಟುವುದಾದರೆ ಬೆಕ್ಕು, ಹಾವು ಹತ್ತದಂತೆ ಬುಡದ ಮೇಲೆ ತಗಡು ಸುತ್ತಬೇಕು.

ಪೆಟ್ಟಿಗೆ ಇಟ್ಟ ಮರುದಿನವೇ ಗೂಬೆ ಬರುವುದಿಲ್ಲ. ಒಂದೆರಡು ವರ್ಷ ಕಾಯಬೇಕಾದೀತು. ಮೊದಲು ಗೊರವಂಕವೋ ಜೇನೋ ಬಂದು ಕೂತರೂ ಆಶ್ಚರ್ಯವಿಲ್ಲ. ಹಕ್ಕಿ ಬಂದ ಮೇಲೆ ಏಣಿ ಹಾಕಿ ಇಣುಕುವುದು, ದೀಪ ಬಿಡುವುದು, ಫೋಟೋ ತೆಗೆಯುವುದು ಬೇಡ. ಪೆಟ್ಟಿಗೆ ಮಾಡುವಷ್ಟು ಅನುಕೂಲವಿಲ್ಲದವರು ಗದ್ದೆಯ ಬದುವಿನಲ್ಲಿ ಹತ್ತು ಹನ್ನೆರಡು ಅಡಿಯ ಗಳು ನೆಟ್ಟು ತುದಿಗೆ ಅಡ್ಡಕೋಲು ಕಟ್ಟಿದರೂ ಗೂಬೆಗೆ ರಾತ್ರಿ ಕೂತು ಇಲಿ ನೋಡಲು ಅನುಕೂಲ. ಹಗಲು ಅದೇ ಕೋಲಿನಲ್ಲಿ ಕಾಜಾಣ ಕೂತು ಹುಳ ಹಿಡಿಯುತ್ತದೆ.

ಪೆಟ್ಟಿಗೆಗಿಂತ ಪೊಟರೆ ದೊಡ್ಡದು

ಎಷ್ಟೇ ಪೆಟ್ಟಿಗೆ ಇಟ್ಟರೂ ಹಳೆಯ ಮರದ ಸಮಾನವಾಗಲಾರದು. ಅತ್ತಿ, ಬಸರಿ, ಗೋಣಿ, ನಂದಿ, ಹೊನ್ನೆಯಂಥ ಮರಗಳು ವಯಸ್ಸಾದಂತೆ ಪೊಟರೆ ಬಿಡುತ್ತವೆ. ಕುಟ್ರ, ಮರಕುಟಿಗಗಳು ಒಣಗಿದ ಕೊಂಬೆ ಕೊರೆದು ಬಿಟ್ಟ ತೂತುಗಳಲ್ಲಿ ಮಡಿವಾಳ, ಗಿಳಿ ಮುಂತಾದವು ಒಂದರ ನಂತರ ಒಂದು ಸಂಸಾರ ಮಾಡುತ್ತವೆ. ಆದರೆ ನಾವು ನೆರಳಿಗೆಂದು, ಮೆಣಸಿನ ಬಳ್ಳಿಗೆಂದು ಸಾಲು ಸಾಲಾಗಿ ಸಿಲ್ವರ್ ಓಕ್ ನೆಟ್ಟು, ದಪ್ಪವಾದ ಕೂಡಲೇ ಕಡಿದು ಮಾರುತ್ತಿದ್ದೇವೆ. ಅದು ಪೊಟರೆ ಬಿಡುವ ವಯಸ್ಸಿಗೆ ಉಳಿಯುವುದೇ ಇಲ್ಲ. ಎಕರೆಗೆ ಒಂದೆರಡಾದರೂ ಹಳೆಯ ಕಾಡುಮರ ಉಳಿಸಿ, ಒಣಗಿದ ಕೊಂಬೆಯಿಂದ ಕೆಲಸದವರಿಗೆ ಅಪಾಯವಿಲ್ಲದ ಕಡೆ ಅದನ್ನು ಹಾಗೆಯೇ ಬಿಡುವುದು ಒಂದು ಕಾಸಿನ ಖರ್ಚಿಲ್ಲದ ಕೆಲಸ.

ಕಾನೂನು ಮತ್ತು ಮೂಢನಂಬಿಕೆ

ಗೂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಿದ್ದರೂ ಮಾಟ ಮಂತ್ರಕ್ಕೆಂದು ದೀಪಾವಳಿಯ ಸಮಯದಲ್ಲಿ ಗೂಬೆಗಳ ಕಳ್ಳ ವ್ಯಾಪಾರ ನಡೆಯುತ್ತದೆ. ದೇಶದಲ್ಲಿರುವ ಗೂಬೆ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಈ ವ್ಯಾಪಾರದಲ್ಲಿ ಸಿಕ್ಕಿವೆಯೆಂದು ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ತಿಳಿಸಿತ್ತು. ತೆಲಂಗಾಣದ 2018ರ ಚುನಾವಣೆಯ ಹೊತ್ತಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಬಳಿ ಗೂಬೆ ಸಾಗಿಸುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಗೂಬೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಅಪರಿಚಿತರು ತೋಟಕ್ಕೆ ಬಂದರೆ ಅರಣ್ಯ ಕಚೇರಿಗೆ ತಿಳಿಸಬೇಕು. ದುಡ್ಡಿನ ಆಸೆಗೆ ಕೆಲಸದವರು ಮರಿ ಹಿಡಿದು ಕೊಡದಂತೆ ಅವರಿಗೂ ವಿಷಯ ತಿಳಿಸಿ ಹೇಳಬೇಕು.

ಮರಿ ಗೂಡಿನಿಂದ ಬಿದ್ದಿದ್ದು ಗಾಯವಿಲ್ಲದಿದ್ದರೆ ಅದನ್ನು ಬಟ್ಟೆಯಲ್ಲಿ ಹಿಡಿದು ಗೂಡಿಗೇ, ಆಗದಿದ್ದರೆ ಹತ್ತಿರದ ಎತ್ತರದ ಕೊಂಬೆಯಲ್ಲಿ ಬುಟ್ಟಿ ಕಟ್ಟಿ ಅದರಲ್ಲಿ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ರಾತ್ರಿ ತಾಯಿ ಬಂದು ಉಣಿಸುತ್ತದೆ. ಹಾಲು, ಅನ್ನ ಕೊಡಬೇಡಿ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು ಪಶುವೈದ್ಯರಿಗೆ, ಅರಣ್ಯ ಇಲಾಖೆಗೆ ತಿಳಿಸಿ. ಪಟ್ಟಣದಲ್ಲಿರುವ ಮಕ್ಕಳಿಗೂ ಈ ಮಾತನ್ನು ಹೇಳಿ.

ಸದಸ್ಯರಲ್ಲಿ ವಿನಂತಿ ಇಷ್ಟು. ತಮ್ಮ ತೋಟ, ಗೋದಾಮು, ಊರಿನ ದೇವಸ್ಥಾನಗಳಲ್ಲಿ ಗೂಬೆ ವಾಸವಾಗಿದ್ದರೆ ಮೊದಲು ಆ ಜಾಗವನ್ನು ಹಾಗೆಯೇ ಉಳಿಸಿ. ಬಯಲಿನ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ವಿಷ ನಿಲ್ಲಿಸಿ ಪೆಟ್ಟಿಗೆ ಇಡಲು ಮುಂದೆ ಬಂದರೆ ಸಂಘದ ಕಚೇರಿಗೆ ತಿಳಿಸಿ. ಆ ಬಯಲಿನವರಿಗೆ ಬಿಲ್ಲೆಯ ಬದಲು ಬೋನು ತರಿಸಿಕೊಡುವ ವ್ಯವಸ್ಥೆಯನ್ನು ಮುಂದಿನ ಸಭೆಯ ಮುಂದಿಡಲಾಗುವುದು. ಪೆಟ್ಟಿಗೆ ಇಟ್ಟ ಮೇಲೆ ಇಲಿ ಕಡಿದ ಕಾಯಿಗಳ ಲೆಕ್ಕವನ್ನು ಪ್ರತಿ ಕೊಯ್ಲಿನಲ್ಲಿ ಬರೆದಿಟ್ಟುಕೊಳ್ಳಿ. ಗೂಬೆಯಿಂದ ಲಾಭವಾಯಿತೋ ಇಲ್ಲವೋ ಎಂಬುದನ್ನು ಶಕುನ ಹೇಳುವವರಿಂದ ಕೇಳುವ ಬದಲು ಆ ಲೆಕ್ಕದ ಪುಸ್ತಕದಿಂದ ತಿಳಿಯೋಣ.